ಲೇಸರ್ ಮುಂದೆ ಏನಿಡಬೇಕು, ಏನಿಡಬಾರದು

(ಲೇಸರ್ ಯಂತ್ರ ಬಳಸುವ ಹವ್ಯಾಸಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ. ನಡುನಡುವೆ ಸಭಿಕರು ಕೇಳಿದ ಪ್ರಶ್ನೆಗಳೂ ಅಲ್ಲಲ್ಲೇ ಸೇರಿವೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿ ಎರಡು ತುಂಡುಗಳಿವೆ. ಹಿಂದಿನ ಸಾಲಿನವರಿಗೆ ಕಾಣಲಿಕ್ಕಿಲ್ಲ, ಒಬ್ಬೊಬ್ಬರಾಗಿ ನೋಡಿ ಪಕ್ಕದವರಿಗೆ ದಾಟಿಸಿ. ಎರಡೂ ಪಾರದರ್ಶಕ ಅಕ್ರಿಲಿಕ್, ಅಂದರೆ ಗಾಜಿನಂತೆ ಕಾಣುವ ಗಟ್ಟಿ ಪ್ಲಾಸ್ಟಿಕ್, ಎರಡೂ 3 ಮಿಲಿಮೀಟರ್ ದಪ್ಪ. ಎರಡರ ಮೇಲೂ ಒಂದೇ ಚಿತ್ರ. ಯಂತ್ರ, ಪವರ್, ಸ್ಪೀಡ್ ಎಲ್ಲವೂ ಒಂದೇ. ಒಂದರಲ್ಲಿ ಚಿತ್ರ ಮಂಜು ಕವಿದ ಹಾಗೆ ಬೆಳ್ಳಗೆ ಎದ್ದು ಕಾಣುತ್ತದೆ. ಇನ್ನೊಂದರಲ್ಲಿ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದರಷ್ಟೇ ಅಲ್ಲೇನೋ ಇದೆ ಅನ್ನಿಸುತ್ತದೆ. ಈ ಕೆಲಸ ಶುರುಮಾಡಿದ ಹೊಸದರಲ್ಲಿ ನನಗೆ ಸಿಕ್ಕಿದ್ದು ಆ ಎರಡನೆಯ ಜಾತಿಯದು. ಇಡೀ ದಿನ ಯಂತ್ರವನ್ನೇ ಬೈದೆ. ಲೆನ್ಸ್ ಒರೆಸಿದೆ, ಕನ್ನಡಿಗಳನ್ನು ಮತ್ತೆ ಹೊಂದಿಸಿದೆ, ಫೋಕಸ್ ಅಳೆದೆ. ಯಂತ್ರ ಸರಿಯಾಗೇ ಇತ್ತು. ಹಾಳೆಯೇ ಬೇರೆಯದಾಗಿತ್ತು. ಆ ಕತೆಗೆ ಆಮೇಲೆ ಬರುತ್ತೇನೆ.

ಎನ್‌ಗ್ರೇವಿಂಗ್‌ಗೆ ಕನ್ನಡದಲ್ಲಿ ಕೆತ್ತನೆ ಅನ್ನುತ್ತೇವೆ. ಚೆಂದದ ಮಾತೇ. ಆದರೆ ಕೆತ್ತನೆ ಅಂದ ಕೂಡಲೇ ಉಳಿ, ಸುತ್ತಿಗೆ, ಚಕ್ಕೆ ನೆನಪಾಗುತ್ತವೆ. ಉಳಿಗೆ ಮರವಾದರೇನು ಕಲ್ಲಾದರೇನು, ಒಂದಿಷ್ಟನ್ನು ಕಿತ್ತು ತೆಗೆಯುವುದಷ್ಟೇ ಕೆಲಸ. ಲೇಸರಿನ ವಿಷಯ ಹಾಗಿಲ್ಲ. ಅದು ಮರವನ್ನು ಸುಡುತ್ತದೆ, ಗಾಜಿನ ಮೈಯನ್ನು ಒಡೆಯುತ್ತದೆ, ಅಕ್ರಿಲಿಕ್ಕನ್ನು ಆವಿ ಮಾಡುತ್ತದೆ, ಆನೊಡೈಸ್ ಮಾಡಿದ (ವಿದ್ಯುತ್ತಿನಿಂದ ಮೈಮೇಲೆ ಆಕ್ಸೈಡ್ ಪದರ ಬೆಳೆಸಿದ) ಅಲ್ಯೂಮಿನಿಯಂನಿಂದ ಬಣ್ಣ ಕಳೆಯುತ್ತದೆ, ಉಕ್ಕಿನ ಮೇಲೆ ಆಕ್ಸೈಡಿನ ಪದರ ಬೆಳೆಸುತ್ತದೆ. ಹೀಗಾಗಿ ವಸ್ತುವನ್ನು ಆರಿಸುವುದೆಂದರೆ ಗುರುತು ಯಾವ ಬಗೆಯಲ್ಲಿ ಮೂಡಬೇಕು ಅಂತ ಆರಿಸುವುದು. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದೊಂದನ್ನೇ, ಮಿಕ್ಕಿದ್ದೆಲ್ಲ ಇದರ ವಿವರ.

ಮೊದಲು ಬೆಳಕಿನ ವಿಷಯ ಮುಗಿಸಿಬಿಡೋಣ. ಥಿಯೋಡರ್ ಮೈಮನ್ 1960ರ ಮೇ 16ರಂದು ಮಾಣಿಕ್ಯದ ಕಡ್ಡಿಯಿಂದ ಮೊದಲ ಲೇಸರ್ ಕಿರಣ ಹೊಮ್ಮಿಸಿದರು. ನಾಲ್ಕು ವರ್ಷಕ್ಕೆ, 1964ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿದ್ದ ಕುಮಾರ್ ಪಟೇಲ್ ಕಾರ್ಬನ್ ಡೈಆಕ್ಸೈಡ್ ಲೇಸರ್ ಕಂಡುಹಿಡಿದರು. ನಮ್ಮಲ್ಲಿ ಬಹಳ ಮಂದಿ ಬಳಸುವ ಸಿಓ2 ಯಂತ್ರದ ಮೂಲ ಅದೇ. ಅದರ ಬೆಳಕಿನ ಅಲೆಯುದ್ದ 10,600 ನ್ಯಾನೋಮೀಟರ್. ಮೇಜಿನ ಮೇಲಿಡುವ ಡಯೋಡ್ ಯಂತ್ರಗಳ ನೀಲಿ ಬೆಳಕು 450ರ ಆಸುಪಾಸು. ಲೋಹಕ್ಕೆ ಬಳಸುವ ಫೈಬರ್ ಲೇಸರಿನದು 1,064. ಈ ಮೂರು ಸಂಖ್ಯೆ ನೆನಪಿದ್ದರೆ ಅರ್ಧ ಕೆಲಸ ಮುಗಿದಂತೆ. ಬೆಳಕು ವಸ್ತುವಿನ ಮೇಲೆ ಬಿದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ, ವಸ್ತು ಅದನ್ನು ಹೀರಬೇಕು. ಹಾದುಹೋದ ಬೆಳಕಿನಿಂದ ಗುರುತು ಮೂಡುವುದಿಲ್ಲ, ಚಿಮ್ಮಿ ಹೋದ ಬೆಳಕಿನಿಂದಲೂ ಮೂಡುವುದಿಲ್ಲ.

ನೀಲಿ ಡಯೋಡ್ ಇಟ್ಟುಕೊಂಡವರಿಗೆ ಒಂದು ಸುಲಭ ಲೆಕ್ಕವಿದೆ. ನಿಮ್ಮ ಕಣ್ಣಿಗೆ ಯಾವುದರ ಮೂಲಕ ಆಚೆಯದು ಕಾಣುತ್ತದೋ ಅದರ ಮೂಲಕ ನಿಮ್ಮ ಲೇಸರೂ ಹಾದುಹೋಗುತ್ತದೆ. ಪಾರದರ್ಶಕ ಅಕ್ರಿಲಿಕ್ ಇಟ್ಟರೆ ಕೆಳಗಿನ ಮೇಜು ಸುಡುತ್ತದೆ, ಹಾಳೆಗೆ ಏನೂ ಆಗುವುದಿಲ್ಲ. ಅದೇ ಹಾಳೆ, ಅದೇ ಗಾಜು ಸಿಓ2 ಬೆಳಕಿನ ಪಾಲಿಗೆ ಗೋಡೆ ಇದ್ದ ಹಾಗೆ. ಹೊಳಪಿನ ಲೋಹದ ಕತೆ ಇದಕ್ಕೆ ತಿರುಗುಮುರುಗು. ಸಿಓ2 ಬೆಳಕಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚನ್ನು ಅದು ವಾಪಸ್ ಕಳಿಸಿಬಿಡುತ್ತದೆ. ಇಂಥ ಯಂತ್ರದೊಳಗೆ ಕಿರಣವನ್ನು ತಿರುಗಿಸುವ ಕನ್ನಡಿಗಳಲ್ಲಿ ಎಷ್ಟೋ ತಾಮ್ರದವು, ಮಾಲಿಬ್ಡಿನಂನವು. ಕನ್ನಡಿಗೇ ಆಗಿಬರುವ ವಸ್ತುವಿನ ಮೇಲೆ ಚಿತ್ರ ಬಿಡಿಸಲು ಹೊರಟರೆ ಏನಾದೀತು?

ಇನ್ನು ಇಡಬಾರದ ವಸ್ತುಗಳು. ಇವನ್ನು ಕೊನೆಗೆ ಇಟ್ಟುಕೊಂಡರೆ ಅಷ್ಟೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತೀರಿ, ಅದಕ್ಕೇ ಈಗಲೇ ಹೇಳುತ್ತೇನೆ. ಪಟ್ಟಿಯಲ್ಲಿ ಮೊದಲನೆಯದು ಪಿವಿಸಿ, ಅಂದರೆ ಪಾಲಿವಿನೈಲ್ ಕ್ಲೋರೈಡ್ ಅನ್ನುವ ಪ್ಲಾಸ್ಟಿಕ್. ಅದರ ತೂಕದಲ್ಲಿ ಸುಮಾರು ಶೇಕಡಾ 57ರಷ್ಟು ಕ್ಲೋರಿನ್ ಇರುತ್ತದೆ. ಲೇಸರ್ ತಾಗಿದಾಗ ಅದು ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಬೀಳುತ್ತದೆ. ಗಾಳಿಯ ತೇವ ಸೇರಿದರೆ ಅದೇ ಹೈಡ್ರೋಕ್ಲೋರಿಕ್ ಆಮ್ಲ. ಮೊದಲು ನಿಮ್ಮ ಮೂಗು, ಗಂಟಲು, ಶ್ವಾಸಕೋಶ, ಆಮೇಲೆ ಯಂತ್ರದ ಹಳಿ, ಬೇರಿಂಗು, ಲೆನ್ಸು. ನನಗೆ ಪರಿಚಯದವರೊಬ್ಬರ ಯಂತ್ರದ ಒಳಭಾಗ ನೋಡಿದ್ದೆ. ಕೆಲವೇ ವಾರ ಬಿಳಿ ಬೋರ್ಡಿನ ಮೇಲೆ ಅಕ್ಷರ ಕೊರೆದಿದ್ದರು, ಉಕ್ಕಿನ ಭಾಗಗಳೆಲ್ಲ ಮಳೆಯಲ್ಲಿ ಬಿಟ್ಟ ಸೈಕಲ್ಲಿನ ಹಾಗೆ ತುಕ್ಕು ಹಿಡಿದಿದ್ದವು. ಅವರು ಅದನ್ನು ಅಕ್ರಿಲಿಕ್ ಅಂದುಕೊಂಡಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವ ಗಾದೆ ನಮ್ಮ ಕಸುಬಿಗೇ ಹುಟ್ಟಿದ ಹಾಗಿದೆ. ಫೋಮ್ ಬೋರ್ಡ್, ವಿನೈಲ್ ಸ್ಟಿಕ್ಕರ್, ರೆಕ್ಸಿನ್, ಹೀಗೆ ಬೇರೆ ಬೇರೆ ಹೆಸರಿನಲ್ಲಿ ಪಿವಿಸಿ ನಮ್ಮ ಕೈಗೆ ಬರುತ್ತದೆ.

"ನೋಡಿ ಗುರುತಿಸುವುದು ಹೇಗೆ ಸಾರ್?" ಅಂತ ಕೇಳಿದರು. ನೋಡಿ ಗುರುತಿಸಲು ಆಗುವುದಿಲ್ಲ. ತಾಮ್ರದ ತಂತಿಯ ಪರೀಕ್ಷೆಯೊಂದಿದೆ, ಬೈಲ್‌ಸ್ಟೈನ್ ಪರೀಕ್ಷೆ ಅನ್ನುತ್ತಾರೆ. ತಂತಿಯ ತುದಿಯನ್ನು ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ, ಅನುಮಾನವಿರುವ ಪ್ಲಾಸ್ಟಿಕ್ಕಿಗೆ ತಾಗಿಸಿ, ಅಂಟಿಕೊಂಡ ಚೂರಿನ ಸಮೇತ ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಕ್ಲೋರಿನ್ ಇದೆಯೆಂದು ಅರ್ಥ. ಚೂರು ಚಿಕ್ಕದಿರಲಿ, ಬಯಲಿನಲ್ಲಿ ಮಾಡಿ, ತಂತಿಯನ್ನು ಇಕ್ಕಳದಲ್ಲಿ ಹಿಡಿಯಿರಿ. ಒಂದು ಮಾತು ಮರೆಯಬೇಡಿ: ಫ್ಲೋರಿನ್ ಈ ಪರೀಕ್ಷೆಗೆ ಸಿಗುವುದಿಲ್ಲ. ಹಾಗಾಗಿ ಟೆಫ್ಲಾನ್ ಹಸಿರು ತೋರಿಸದೆ ಪಾರಾಗುತ್ತದೆ, ಅದರ ಹೊಗೆಯೂ ವಿಷವೇ. ಎಲ್ಲಕ್ಕಿಂತ ಒಳ್ಳೆಯದು ಮಾರುವವರಿಂದ ಸೇಫ್ಟಿ ಡೇಟಾ ಶೀಟ್, ಅಂದರೆ ವಸ್ತುವಿನಲ್ಲಿ ಏನಿದೆ, ಅಪಾಯವೇನು ಅಂತ ಬರೆದಿರುವ ಪತ್ರ, ಕೇಳಿ ಪಡೆಯುವುದು. ಏನೆಂದು ಹೇಳಲಾಗದ ಹಾಳೆಯನ್ನು ನಾನು ಯಂತ್ರದೊಳಗೆ ಇಡುವುದೇ ಇಲ್ಲ, ಪುಕ್ಕಟೆ ಕೊಟ್ಟರೂ ಇಡುವುದಿಲ್ಲ.

ಉಳಿದ ಬೇಡದವರನ್ನು ಬೇಗ ಹೇಳಿ ಮುಗಿಸುತ್ತೇನೆ. ಪಾಲಿಕಾರ್ಬೊನೇಟ್ ನೋಡಲು ಅಕ್ರಿಲಿಕ್ಕಿನ ಅವಳಿಯಂತಿರುತ್ತದೆ, ಲೇಸರ್ ತಾಗಿದರೆ ಕಂದು ಬಣ್ಣಕ್ಕೆ ತಿರುಗಿ ಮಸಿ ಕಾರುತ್ತದೆ. ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಕರಗಿ ಅಂಟಂಟಾಗುತ್ತದೆ, ಅದರ ಹೊಗೆಯಲ್ಲಿ ಹೈಡ್ರೋಜನ್ ಸೈನೈಡ್ ಬರಬಹುದು. ಥರ್ಮೋಕೋಲ್ ಹೊತ್ತಿಕೊಳ್ಳುತ್ತದೆ, ಅದೂ ನೀವು ಕಣ್ಣು ಮಿಟುಕಿಸುವುದರೊಳಗೆ. ಫೈಬರ್‌ಗ್ಲಾಸು, ಕಾರ್ಬನ್ ಫೈಬರ್ ಹಾಳೆ ಎರಡರಲ್ಲೂ ನಾರನ್ನು ಹಿಡಿದಿಟ್ಟಿರುವುದು ರಾಳ. ಆ ರಾಳದ ಹೊಗೆಯೂ ಬೇಡ, ಗಾಳಿಗೇಳುವ ನಾರಿನ ಧೂಳೂ ಬೇಡ.

ಈಗ ನನಗೆ ಇಷ್ಟದ ಜಾಗಕ್ಕೆ ಬಂದೆವು, ಮರ.

ಮರದ ಮೇಲಿನ ಕಪ್ಪು ಎಲ್ಲಿಂದ ಬರುತ್ತದೆ? ಮರದಲ್ಲಿರುವ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್‌ಗಳು ಬಿಸಿಗೆ ಮುರಿದು ಇದ್ದಿಲಾಗುತ್ತವೆ. ನಾವು ನೋಡುವ ಗೆರೆ ಅಂದರೆ ತೆಳ್ಳನೆಯ ಇದ್ದಿಲಿನ ಗೆರೆ. ಆದ್ದರಿಂದ ಮರದ ಮೂಲ ಬಣ್ಣ ಎಷ್ಟು ತಿಳಿಯಾಗಿದ್ದರೆ ಚಿತ್ರ ಅಷ್ಟು ಎದ್ದು ಕಾಣುತ್ತದೆ. ಮೇಪಲ್, ಬೀಚ್, ಚೆರ್ರಿ ಇದಕ್ಕೆ ಹೇಳಿ ಮಾಡಿಸಿದವು: ತಿಳಿಬಣ್ಣ, ಒತ್ತಾದ ಸಮನಾದ ಎಳೆ. ಬೀಟೆಯಂಥ ಕಡುಬಣ್ಣದ ಮರದ ಮೇಲೆ ಭಾವಚಿತ್ರ ಬಿಡಿಸಿದರೆ ಕತ್ತಲಲ್ಲಿ ತೆಗೆದ ಫೋಟೋ ಹಾಗೆ ಕಾಣುತ್ತದೆ. ಅದರ ಮೇಲೆ ದಪ್ಪ ಅಕ್ಷರ ಆಳವಾಗಿ ಇಳಿಸಿದರೆ ನೆರಳು ಬಿದ್ದು ಚೆನ್ನಾಗಿರುತ್ತದೆ. ತೇಗದಲ್ಲಿ ಎಣ್ಣೆಯಂಶವಿರುವುದರಿಂದ ಹೊಗೆ ಜಿಡ್ಡಾಗಿ ಸುತ್ತಲೂ ಕೂರುತ್ತದೆ. ಮೇಲೆ ಪೇಪರ್ ಮಾಸ್ಕಿಂಗ್ ಟೇಪ್ ಅಂಟಿಸಿಕೊಂಡು ಮಾಡಿ, ಆಮೇಲೆ ಟೇಪ್ ಕಿತ್ತರೆ ಕಲೆ ಅದರ ಜೊತೆಗೇ ಹೋಗುತ್ತದೆ. ಪೇಪರ್ ಟೇಪ್ ಅಂದೆ, ಪ್ಲಾಸ್ಟಿಕ್ ಟೇಪ್ ಅನ್ನಲಿಲ್ಲ. ಯಾಕೆ ಅಂತ ಈಗಾಗಲೇ ಹೇಳಿದ್ದೇನೆ.

ಪೈನ್ ಮರ ಎಷ್ಟೋ ಹೊಸಬರಿಗೆ ಮೊದಲು ಕಲಿಸುವ ಪಾಠ. ಅದರಲ್ಲಿ ವರ್ಷದ ಉಂಗುರಗಳು ಎದ್ದು ಕಾಣುತ್ತವೆ. ಮರ ಬೇಗ ಬೆಳೆಯುವ ಕಾಲದಲ್ಲಿ ಮೆತ್ತನೆಯ ತಿಳಿ ಪಟ್ಟಿ, ನಿಧಾನವಾಗಿ ಬೆಳೆಯುವ ಕಾಲದಲ್ಲಿ ಗಟ್ಟಿಯಾದ ಕಡು ಪಟ್ಟಿ. ಲೇಸರ್ ಮೆತ್ತನೆಯದನ್ನು ಆಳಕ್ಕೆ ತಿಂದುಹಾಕುತ್ತದೆ, ಗಟ್ಟಿಯದನ್ನು ಬರೀ ಸವರಿ ಬಿಡುತ್ತದೆ. ನೀವು ಬಿಡಿಸಿದ ಮುಖದ ಮೇಲೆ ಉತ್ತ ಹೊಲದ ಹಾಗೆ ಸಾಲು ಬೀಳುತ್ತದೆ. ಯಾವ ಸೆಟ್ಟಿಂಗೂ ಇದನ್ನು ಸರಿಮಾಡದು. ನಾನೀಗ ಪೈನ್‌ ಮೇಲೆ ಮುಖ ಬಿಡಿಸುವುದಿಲ್ಲ. ಬೆಟ್ಟ, ಅಲೆ, ಗಾಳಿಗೆ ಬಾಗಿದ ಹುಲ್ಲು, ಸಾಲು ಬಿದ್ದರೂ ಸಹಜ ಅನ್ನಿಸುವಂಥದ್ದನ್ನು ಬಿಡಿಸುತ್ತೇನೆ.

ಪ್ಲೈವುಡ್ ಕೊಳ್ಳುವಾಗ ಮೇಲ್ಮೈ ಮಾತ್ರ ನೋಡಿ ಮೋಸ ಹೋಗುತ್ತೇವೆ. ಮೇಲಿನ ವೆನೀರ್, ಅಂದರೆ ಮರದ ಹೊರಪದರ, ತೀರಾ ತೆಳುವಾಗಿದ್ದರೆ ಸ್ವಲ್ಪ ಆಳ ಹೋದೊಡನೆ ಅಂಟಿನ ಪದರ ಸಿಗುತ್ತದೆ, ಬಣ್ಣ ಅಲ್ಲಲ್ಲಿ ತೇಪೆ ಹಾಕಿದಂತಾಗುತ್ತದೆ. ಕತ್ತರಿಸುವ ಕೆಲಸವಿದ್ದರೆ ಅಂಟು ಯಾವುದು ಅನ್ನುವುದೇ ಮುಖ್ಯ. ಹೊರಾಂಗಣ ಬಳಕೆಯ ಪ್ಲೈಯಲ್ಲಿ ಫಿನಾಲ್ ಫಾರ್ಮಾಲ್ಡಿಹೈಡ್ ಅಂಟಿರುತ್ತದೆ, ಅಂಚಿನಲ್ಲಿ ಕಪ್ಪು ಗೆರೆಯಾಗಿ ಕಾಣುವುದು ಅದೇ. ನೀರಿಗೆ ಜಗ್ಗದ ಆ ಅಂಟು ಲೇಸರಿಗೂ ಸುಲಭವಾಗಿ ಜಗ್ಗುವುದಿಲ್ಲ. ಒಳಗಿನ ಪದರದಲ್ಲಿ ಗಂಟು, ತೂತು ಮುಚ್ಚಿದ ಪುಟ್ಟಿ ಇದ್ದರೆ ಹತ್ತರಲ್ಲಿ ಒಂಬತ್ತು ಕಡೆ ಕತ್ತರಿಸಿ ಹತ್ತನೆಯ ಕಡೆ ಹಿಡಿದುಕೊಳ್ಳುತ್ತದೆ. ಮರದ ನಾರನ್ನು ರಾಳದಿಂದ ಒತ್ತಿ ಮಾಡಿದ ಎಂಡಿಎಫ್ ಹಲಗೆಯಲ್ಲಿ ಈ ರಗಳೆಯಿಲ್ಲ, ಎಲ್ಲ ಕಡೆ ಒಂದೇ ಸಮ. ಅದಕ್ಕೆ ಬದಲಾಗಿ ಅಂಚು ಮಸಿಯಾಗುತ್ತದೆ, ರಾಳದ ಹೊಗೆ ಜಾಸ್ತಿ, ಎಕ್ಸಾಸ್ಟ್ ಚೆನ್ನಾಗಿರಲೇಬೇಕು. ಹಳೆಯ ಮರ ಸಿಕ್ಕಿತು ಅಂತ ಖುಷಿಪಡುವವರಿಗೊಂದು ಎಚ್ಚರಿಕೆ. ಗೆದ್ದಲು, ಹುಳು ಹಿಡಿಯದಿರಲೆಂದು ರಾಸಾಯನಿಕ ಕುಡಿಸಿದ ಮರದಲ್ಲಿ ಆರ್ಸೆನಿಕ್ ಇರಬಹುದು. ಪೂರ್ವಾಪರ ಗೊತ್ತಿಲ್ಲದ ಮರವನ್ನು ಸುಡಬೇಡಿ.

ಆ ಎರಡು ಅಕ್ರಿಲಿಕ್ ತುಂಡುಗಳು ಈಗ ಎಲ್ಲಿವೆ? ನಾಲ್ಕನೇ ಸಾಲಾ? ಸರಿ. ಬೆಳ್ಳಗೆ ಕಾಣುವುದು ಕಾಸ್ಟ್ ಅಕ್ರಿಲಿಕ್. ದ್ರವರೂಪದ ಮಾನೋಮರನ್ನು, ಅಂದರೆ ಪ್ಲಾಸ್ಟಿಕ್ಕಿನ ಸರಪಳಿಗೆ ಕೊಂಡಿಯಾಗುವ ಚಿಕ್ಕ ಅಣುಗಳನ್ನು, ಎರಡು ಗಾಜಿನ ಹಲಗೆಗಳ ನಡುವೆ ಹೊಯ್ದು ಅಲ್ಲೇ ಗಟ್ಟಿಯಾಗಲು ಬಿಡುತ್ತಾರೆ. ಅದರ ಅಣುಸರಪಳಿಗಳು ಬಹಳ ಉದ್ದ, ಹಾಗಾಗಿ ಲೇಸರ್ ತಾಗಿದಾಗ ಕರಗಿ ಹರಿಯುವ ಮೊದಲೇ ಆವಿಯಾಗಿ ಹಾರಿಹೋಗಿ ಹಿಂದೆ ಒರಟು ಮೈ ಉಳಿಯುತ್ತದೆ. ಆ ಒರಟು ಮೈ ಬೆಳಕನ್ನು ಚದುರಿಸುವುದರಿಂದ ಬಿಳಿ. ಮಾಸಲು ಕಾಣುವುದು ಎಕ್ಸ್‌ಟ್ರೂಡೆಡ್, ಅಂದರೆ ಕರಗಿಸಿ ಅಚ್ಚಿನ ಬಾಯಿಂದ ಒತ್ತಿ ತೆಗೆದ ಹಾಳೆ. ಅದರ ಸರಪಳಿಗಳು ಗಿಡ್ಡ, ಬೇಗ ಕರಗಿ ಮತ್ತೆ ನುಣುಪಾಗಿ ಕೂತುಬಿಡುತ್ತದೆ. ನುಣುಪಾದ ಮೇಲೆ ಬಿಳಿ ಎಲ್ಲಿಂದ ಬರಬೇಕು?

ಹಾಗಂತ ಎಕ್ಸ್‌ಟ್ರೂಡೆಡ್ ಕೀಳು ಅಂತ ತಿಳಿಯಬೇಡಿ. ಅದರ ದಪ್ಪ ಎಲ್ಲ ಕಡೆ ಒಂದೇ ಇರುತ್ತದೆ. ಕಾಸ್ಟ್ ಹಾಳೆ 3 ಮಿಲಿಮೀಟರ್ ಅಂತ ಕೊಂಡರೂ ಒಂದು ಮೂಲೆಯಲ್ಲಿ ಕಡಿಮೆ, ಇನ್ನೊಂದು ಮೂಲೆಯಲ್ಲಿ ಹೆಚ್ಚು ಇರುತ್ತದೆ. ಕಚ್ಚು ಕೊರೆದು ಒಂದಕ್ಕೊಂದು ಸಿಕ್ಕಿಸುವ ಪೆಟ್ಟಿಗೆ ಮಾಡುವವರು ಕ್ಯಾಲಿಪರ್ ಹಿಡಿದು ಅಳೆಯದೆ ಕತ್ತರಿಸಿದರೆ ಪಶ್ಚಾತ್ತಾಪ ಪಡುತ್ತಾರೆ. ಹಾಳೆಯ ಮೇಲಿನ ಕಾಗದದಲ್ಲಿ ಯಾವುದು ಅಂತ ಮುದ್ರಿಸಿರುತ್ತಾರೆ. ಕಾಗದ ಹೋಗಿದ್ದರೆ ಮೂಲೆಯಲ್ಲಿ ಚಿಕ್ಕ ಚೌಕ ಹೊಡೆದು ನೋಡಿ, ಬಿಳಿ ಬಂದರೆ ಕಾಸ್ಟ್. ಕೆಲಸ ಮುಗಿದ ಮೇಲೆ ಹೊಳಪು ಬರಲೆಂದು ಸ್ಪಿರಿಟ್ ಹಾಕಿ ಒರೆಸಬೇಡಿ. ಬಿಸಿಯಾಗಿ ತಣಿದ ಅಂಚಿನಲ್ಲಿ ಬಿಗಿತ ಉಳಿದಿರುತ್ತದೆ, ಆಲ್ಕೋಹಾಲ್ ತಾಗಿದರೆ ಕೂದಲೆಳೆಯಂಥ ಬಿರುಕುಗಳು ಹರಡುತ್ತವೆ. ಸೋಪಿನ ನೀರು ಸಾಕು. ಹಾಂ, ಅಕ್ರಿಲಿಕ್ ಉರಿಯುವಾಗ ಹೆಚ್ಚು ಹೊಗೆಯಾಡದೆ ಸದ್ದಿಲ್ಲದೆ ಉರಿಯುತ್ತದೆ. ಯಂತ್ರ ಓಡುವಾಗ ಫೋನ್ ಬಂತು ಅಂತ ಹೊರಗೆ ಹೋಗುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ಗಾಜಿನ ಬಗ್ಗೆ ಈಗಷ್ಟೇ ಒಬ್ಬರು ಕೇಳಿದರು: "ದುಬಾರಿ ಗಾಜಿನ ಮೇಲೆ ಚೆನ್ನಾಗಿ ಬರುತ್ತದೆಯೇ?" ಉಲ್ಟಾ. ಲೇಸರ್ ಗಾಜಿನಿಂದ ಏನನ್ನೂ ಕಿತ್ತು ತೆಗೆಯುವುದಿಲ್ಲ ಅಂತಲೇ ಹೇಳಬೇಕು. ಮೇಲ್ಮೈ ಥಟ್ಟನೆ ಬಿಸಿಯಾಗಿ ಹಿಗ್ಗುತ್ತದೆ, ಕೆಳಗಿನ ಗಾಜು ತಣ್ಣಗೇ ಇರುತ್ತದೆ, ಈ ಜಗ್ಗಾಟದಲ್ಲಿ ಸಾವಿರಾರು ಸಣ್ಣ ಬಿರುಕು ಬೀಳುತ್ತವೆ. ನಮಗೆ ಬೆಳ್ಳಗೆ ಕಾಣುವುದು ಆ ಬಿರುಕುಗಳು. ಸಾಮಾನ್ಯ ಸೋಡಾ-ಸುಣ್ಣದ ಗಾಜು ಒಂದು ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಲಕ್ಷದಲ್ಲಿ ಸುಮಾರು 9 ಭಾಗ ಹಿಗ್ಗುತ್ತದೆ. ಬಿಸಿ ತಡೆಯುವ ಬೋರೋಸಿಲಿಕೇಟ್ ಗಾಜು ಹಿಗ್ಗುವುದು ಬರೀ 3.3 ಭಾಗ. ಬಿಸಿಗೆ ಒಡೆಯಬಾರದು ಅಂತಲೇ ಮಾಡಿದ ಗಾಜಿನಲ್ಲಿ ಬಿಸಿಯಿಂದ ಬಿರುಕು ಬೀಳಿಸಲು ಹೊರಟರೆ ಅದು ಮುನಿಸಿಕೊಳ್ಳುವುದು ನ್ಯಾಯವೇ. ಮಾಮೂಲಿ ಲೋಟ ತೆಗೆದುಕೊಳ್ಳಿ, ಒದ್ದೆ ಟಿಶ್ಯೂ ಕಾಗದವನ್ನು ಗುಳ್ಳೆಯಿಲ್ಲದಂತೆ ಅಂಟಿಸಿ ಅದರ ಮೇಲೆ ಹೊಡೆಯಿರಿ. ನೀರು ಹೆಚ್ಚಿನ ಬಿಸಿ ಹೀರುವುದರಿಂದ ಚಕ್ಕೆ ಏಳುವುದು ಕಡಿಮೆಯಾಗುತ್ತದೆ. ಟಫನ್ಡ್ ಗಾಜನ್ನು, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ್ದನ್ನು, ಮಾತ್ರ ಮುಟ್ಟಬೇಡಿ, ಒಳಗೆ ತುಂಬಿಟ್ಟ ಬಿಗಿತ ಒಮ್ಮೆಲೇ ಬಿಚ್ಚಿಕೊಂಡರೆ ಇಡೀ ಗಾಜು ಕಾಳುಕಾಳಾಗಿ ಸಿಡಿಯುತ್ತದೆ.

ಕಲ್ಲಿಗೆ ಹೆಚ್ಚು ಹೇಳುವುದಿಲ್ಲ. ಕಪ್ಪಾಗಿರಲಿ, ನಯವಾಗಿರಲಿ. ಕಪ್ಪು ಗ್ರಾನೈಟಿನ ಮೇಲೆ ಗುರುತು ಬೂದಿ-ಬಿಳಿ ಬರುತ್ತದೆ, ಸ್ಲೇಟಿನ ಮೇಲೆ ಬಳಪದಲ್ಲಿ ಬರೆದ ಹಾಗೆ ಕಾಣುತ್ತದೆ. ತಿಳಿಬಣ್ಣದ ಕಲ್ಲಿನ ಮೇಲೆ ಬಿಳಿ ಗುರುತು ಯಾರಿಗೂ ಕಾಣದು.

ಚರ್ಮಕ್ಕೆ ಹದ ಮಾಡಿದ ಬಗೆ ಮುಖ್ಯ. ತೊಗಟೆ, ಎಲೆಗಳ ಟ್ಯಾನಿನ್‌ನಿಂದ ಹದ ಮಾಡಿದ ಚರ್ಮ ಒಳ್ಳೆಯ ಕಡುಗಂದು ಗುರುತು ಕೊಡುತ್ತದೆ. ಮೆತ್ತಗಿರುವ ಬಹುಪಾಲು ಚರ್ಮ ಕ್ರೋಮಿಯಂ ಲವಣದಿಂದ ಹದ ಮಾಡಿದ್ದು. ಅದನ್ನು ಸುಟ್ಟಾಗ ಕ್ರೋಮಿಯಂ ಇನ್ನಷ್ಟು ವಿಷದ ರೂಪಕ್ಕೆ ತಿರುಗುವ ಅಪಾಯವಿದೆ. ನಾನು ಮೊದಲನೆಯದನ್ನಷ್ಟೇ ಬಳಸುತ್ತೇನೆ, ವಾಸನೆಗೆ ಮನೆಯವರು ಎರಡರಲ್ಲೂ ಬೈಯುತ್ತಾರೆ. ಕಾಗದ, ರಟ್ಟು, ಹತ್ತಿ ಬಟ್ಟೆ ಮೂರಕ್ಕೂ ಕಡಿಮೆ ಪವರ್, ಜೋರು ಸ್ಪೀಡ್. ಡೆನಿಮ್ ಬಟ್ಟೆಯಲ್ಲಿ ಮೇಲಿನ ನೀಲಿ ಬಣ್ಣ ಮಾತ್ರ ಹಾರಿ ಒಳಗಿನ ಬಿಳಿ ನೂಲು ಕಾಣುವುದರಿಂದ ಹಳೆಯ ಫೋಟೋ ತರಹದ ಸೊಗಸು ಬರುತ್ತದೆ, ಮಾಡಿ ನೋಡಿ.

ಇನ್ನು ಲೋಹ. ಸಿಓ2 ಬೆಳಕನ್ನು ಅದು ಚಿಮ್ಮಿಸಿಬಿಡುತ್ತದೆ ಅಂದೆನಲ್ಲ, ಆ ಗುಣವನ್ನೇ ನಮ್ಮ ಕೆಲಸಕ್ಕೆ ತಿರುಗಿಸಿಕೊಳ್ಳಬಹುದು. ಪೌಡರ್ ಕೋಟಿಂಗ್ ಮಾಡಿದ ಸ್ಟೀಲ್ ಬಾಟಲಿಯ ಮೇಲೆ ಹೊಡೆದರೆ ಬಣ್ಣ ಹೀರಿಕೊಂಡು ಸುಟ್ಟುಹೋಗುತ್ತದೆ, ಕೆಳಗಿನ ಸ್ಟೀಲ್ ಹೀರದೆ ಹಾಗೇ ಹೊಳೆಯುತ್ತ ನಿಲ್ಲುತ್ತದೆ. ಎಷ್ಟು ಆಳ ಹೋಗಬೇಕು ಅನ್ನುವ ಚಿಂತೆಯೇ ಇಲ್ಲ. ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಕೂಡ ಹೀಗೇ ಸುಲಭ: ಆಕ್ಸೈಡ್ ಪದರದ ಸೂಕ್ಷ್ಮ ರಂಧ್ರಗಳಲ್ಲಿ ತುಂಬಿದ ಬಣ್ಣ ಕಳೆದು ಬಿಳಿಯಾಗುತ್ತದೆ. ಬರಿಯ ಸ್ಟೇನ್‌ಲೆಸ್ ಸ್ಟೀಲಿಗೆ ಸಿಓ2ದಲ್ಲಿ ಮಾಲಿಬ್ಡಿನಂ ಇರುವ ಸ್ಪ್ರೇ ಹೊಡೆದು, ಒಣಗಿಸಿ, ಲೇಸರ್ ಬಿಸಿಯಿಂದ ಅದನ್ನು ಮೈಗೆ ಕಚ್ಚಿಸಬೇಕು. ಫೈಬರ್ ಲೇಸರ್ ಇದ್ದವರಿಗೆ ಸ್ಪ್ರೇ ಬೇಡ. ತಾಮ್ರ ಫೈಬರಿನ ಬೆಳಕನ್ನೂ ಬಹುಪಾಲು ತಿರುಗಿಸಿ ಕಳಿಸುತ್ತದೆ, ನೀಲಿ ಬೆಳಕನ್ನು ಅದಕ್ಕಿಂತ ಎಷ್ಟೋ ಹೆಚ್ಚು ಹೀರುತ್ತದೆ. ನೀಲಿಯನ್ನು ನುಂಗುವುದರಿಂದಲೇ ತಾಮ್ರ ಕೆಂಪಗೆ ಕಾಣುವುದು. ಸತು ಲೇಪಿಸಿದ ತಗಡನ್ನು ದೂರವಿಡಿ, ಸತುವಿನ ಹೊಗೆ ಜ್ವರ ತರಿಸುತ್ತದೆ. ಕನ್ನಡಕವಂತೂ ಆಯಾ ಅಲೆಯುದ್ದಕ್ಕೆ ಮಾಡಿದ್ದೇ ಆಗಬೇಕು. 1,064ರ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ನೇರ ರೆಟಿನಾಗೆ ಹೋಗಿ ಮುಟ್ಟುತ್ತದೆ. ಹೊಳೆಯುವ ಲೋಹ ಅದನ್ನು ಯಾವ ದಿಕ್ಕಿಗೆ ಎಸೆಯುತ್ತದೋ ಹೇಳಲು ಬಾರದು.

ಯಾವ ವಸ್ತುವೇ ಆಗಲಿ, ಸಪಾಟಾಗಿರಬೇಕು. ಫೋಕಸ್ ಆದ ಚುಕ್ಕೆ ಸುಮಾರು 0.1 ಮಿಲಿಮೀಟರ್, ಸೊಟ್ಟಗಾದ ಹಲಗೆಯ ಉಬ್ಬಿನ ಮೇಲೆ ಅದು ಅಗಲವಾಗಿ ಗೆರೆ ಮಸುಕಾಗುತ್ತದೆ. ಚುಕ್ಕೆಯೇ 0.1 ಇರುವಾಗ 254 ಡಿಪಿಐ (ಒಂದು ಅಂಗುಲಕ್ಕೆ ಇಷ್ಟು ಚುಕ್ಕೆ ಅನ್ನುವ ಲೆಕ್ಕ) ದಾಟಿದರೆ ಗೆರೆ ಮೇಲೆ ಗೆರೆ ಬೀಳುತ್ತದೆ, ಮರದಲ್ಲಿ ಅದು ಬರೀ ಹೆಚ್ಚು ಸುಡುವುದಕ್ಕೆ ಸಮ. ಹೊಸ ಹಾಳೆ ಬಂದಾಗಲೆಲ್ಲ ಒಂದು ಮೂಲೆಯಲ್ಲಿ ಪವರ್ ಅಡ್ಡಕ್ಕೆ, ಸ್ಪೀಡ್ ಉದ್ದಕ್ಕೆ ಇಟ್ಟು ಚೌಕಗಳ ಪಟ್ಟಿ ಹೊಡೆಯುತ್ತೇನೆ, ಅದರ ಮೇಲೇ ವಸ್ತು, ದಪ್ಪ, ತಾರೀಖು ಕೆತ್ತಿ ಮೊಳೆಗೆ ನೇತುಹಾಕುತ್ತೇನೆ. ಬೇರೆಯವರು ಕೊಟ್ಟ ಸೆಟ್ಟಿಂಗ್ ಎಲ್ಲಿಂದ ಶುರುಮಾಡಬೇಕು ಅಂತ ಹೇಳುತ್ತದೆ ಅಷ್ಟೇ, ನನ್ನ ಹಾಳೆ ಏನು ಮಾಡುತ್ತದೆ ಅಂತ ಹೇಳುವುದಿಲ್ಲ.

ಕೊನೆಯ ಪ್ರಶ್ನೆ, ಹೊಸಬರು ಯಾವುದರಿಂದ ಶುರುಮಾಡಬೇಕು ಅಂತ. 3 ಮಿಲಿಮೀಟರಿನ ತಿಳಿಬಣ್ಣದ ಪ್ಲೈವುಡ್, ಒಳಾಂಗಣ ಅಂಟಿನದು. ಸಿಓ2 ಯಂತ್ರವಿದ್ದರೆ ಜೊತೆಗೆ ಒಂದು ಕಾಸ್ಟ್ ಅಕ್ರಿಲಿಕ್ ಹಾಳೆ, ನೀಲಿ ಡಯೋಡ್ ಆದರೆ ಕಪ್ಪು ಅಕ್ರಿಲಿಕ್. ಇವೆರಡರಲ್ಲಿ ಒಂದು ತಿಂಗಳು ಕಳೆಯಿರಿ, ಆಮೇಲೆ ಗಾಜಿಗೆ ಹೋಗಿ.

ಆ ಎರಡು ತುಂಡು ವಾಪಸ್ ಬಂದವಾ? ಮೇಜಿನ ಮೇಲೆ ಒಂದೇ ಇದೆ, ಮಾಸಲು ಬಂದಿದ್ದು. ಬೆಳ್ಳಗಿರುವುದನ್ನು ಯಾರೋ ಇಟ್ಟುಕೊಂಡಿದ್ದೀರಿ. ಇರಲಿ ಬಿಡಿ, ಸ್ಪಿರಿಟ್ ಹಾಕಿ ಮಾತ್ರ ಒರೆಸಬೇಡಿ.